ಫೋಟೋದ ಅಂಚಿನಲ್ಲಿ ನನ್ನ ಕಾಲುಂಗುರ

ನನ್ನ ಮಗಳ ಮಡಿಲು ತುಂಬಿತು. ಎರಡು ಕೂಸು ಕಳೆದುಕೊಂಡವಳಿಗೆ ಮೂರನೆಯದು ದಕ್ಕಿತು. ಹೆಣ್ಣು ಮಗು, ಹುಟ್ಟುವಾಗಲೇ ತಲೆ ತುಂಬ ಕೂದಲು, ಥೇಟು ನನ್ನದೇ ಗುಂಡು ಮೂಗು. ಇದನ್ನು ಬರೆಯಲು ಕೂತರೆ ಬಂದು ನನ್ನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಳ್ಳುತ್ತಾಳೆ. ಹೊಸದಾಗಿ ಬಂದ ಎರಡು ಹಲ್ಲಿನ ಗುರುತು ಕನ್ನಡಕದ ಕಡ್ಡಿಯ ಮೇಲೆ ಇದೆ. ಅಕ್ಷರ ವಾಲಿದ್ದರೆ ಅದಕ್ಕೆ ಅವಳೂ ಕಾರಣ, ನಾನು ಓದಿದ್ದು ಮೂರನೇ ಕ್ಲಾಸು ಅನ್ನುವುದೂ ಕಾರಣ.

ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಆದರೆ ಇದೇ ಮಗುವಿನ ಫೋಟೋವನ್ನು ಕಂಪ್ಯೂಟರಿನಲ್ಲಿ ನೋಡಿ ಯಾವ್ಯಾವ ದೇಶದವರೋ ಕಣ್ಣೀರು ಸುರಿಸಿದ್ದಾರೆ. ಮಗುವನ್ನು ಅನಾಥೆ ಅಂದರು. ನಮ್ಮನ್ನು ರಾಕ್ಷಸರು ಅಂದರು. ಅಷ್ಟು ದೂರದಿಂದ ಅಷ್ಟು ಕಣ್ಣೀರು ಕಳಿಸಿದವರಿಗೆ ನಾನೂ ನಾಲ್ಕು ಮಾತು ಕಳಿಸದಿದ್ದರೆ ಮರ್ಯಾದೆಯಲ್ಲ.

ನಮ್ಮ ತೋಟ ಹೊನ್ನವಳ್ಳಿಯಿಂದ ಆಚೆಗೆ. ಮಗಳನ್ನು ತುರುವೇಕೆರೆಗೆ ಕೊಟ್ಟಿದ್ದೇವೆ, ಅಳಿಯ ಅಲ್ಲಿ ಅಂಗಡಿ ಇಟ್ಟಿದ್ದಾನೆ. ಮೊದಲನೆಯ ಕೂಸು ತಿಂಗಳು ಕಾಣಲಿಲ್ಲ. ಎರಡನೆಯದು ನಲವತ್ತು ದಿನ ಇತ್ತು. ಆ ಎರಡು ಕೂಸುಗಳನ್ನೂ ನಾವು ಮುಚ್ಚಿಡಲಿಲ್ಲ. ಕಾಯಿ ಕೀಳಲು ಬಂದವರಿಗೂ, ಕೊಬ್ಬರಿ ತೂಗಲು ಬಂದವರಿಗೂ ಕರೆದು ಕರೆದು ತೋರಿಸಿದೆವು. ನಮ್ಮದು, ನಮ್ಮದು ಅಂತ ಬಾಯಿ ತುಂಬ ಹೇಳಿದೆವು. ಅದಕ್ಕೇ ಹೀಗಾಯಿತು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರು ಬೇರೆ ಏನೇನೋ ಕಾರಣ ಹೇಳಿದರು. ಅವರು ಹೇಳಿದ ಮಾತ್ರೆಯನ್ನೂ ಮಗಳಿಗೆ ತಪ್ಪದೆ ನುಂಗಿಸಿದೆ, ನನ್ನ ಶಾಸ್ತ್ರವನ್ನೂ ಬಿಡಲಿಲ್ಲ.

ಆ ಶಾಸ್ತ್ರ ನಮ್ಮ ಕಡೆ ಹಳೆಯದು. ಕೂಸು ನಿಲ್ಲದ ಮನೆಯಲ್ಲಿ ಹುಟ್ಟಿದ ಮಗುವನ್ನು ಸೀದಾ ಒಳಗೆ ತರುವುದಿಲ್ಲ. ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡಬೇಕು. ಇಟ್ಟವರು ಹತ್ತು ಹೆಜ್ಜೆ ಹಿಂದೆ ಸರಿಯಬೇಕು. ಬೇರೆ ಮನೆಯ ಹೆಂಗಸು ಅಕಸ್ಮಾತ್ ಬಂದವಳಂತೆ ಬಂದು ಎತ್ತಿಕೊಳ್ಳಬೇಕು, ಒಂದು ಸೇರು ತವುಡು ಕೊಟ್ಟು ತನ್ನದು ಮಾಡಿಕೊಳ್ಳಬೇಕು. ತಿಂಗಳು ತುಂಬಿದ ದಿನ ನಾವು ಅಷ್ಟೇ ತವುಡು ಕೊಟ್ಟು ವಾಪಸ್ ಕೊಳ್ಳುತ್ತೇವೆ. ಅಲ್ಲಿಯವರೆಗೆ ಮನೆಯವರು ಯಾರೂ ಅದನ್ನು ನಮ್ಮದು ಅನ್ನಬಾರದು. ಹಾಲು ಕುಡಿಸುವ ತಾಯಿ ಕೂಡ ಯಾರದೋ ಕೂಸು ಅಳುತ್ತಿದೆ ಅಂದುಕೊಂಡೇ ಕುಡಿಸಬೇಕು. ಬೇಡದ ಕೂಸು ಅಂತ ತಿಳಿದರೆ ಕೊಂಡೊಯ್ಯುವವನಿಗೂ ಬೇಡವಾಗುತ್ತದೆ ಅನ್ನುವ ಲೆಕ್ಕ. ನಮ್ಮೆಜಮಾನರು ಇದನ್ನು ಕೇಳಿ ನಕ್ಕರು. ನಗಲಿ ಅಂತ ಬಿಟ್ಟೆ.

ಕೊಳ್ಳುವವಳು ಯಾರು ಅಂತ ಮಗಳ ಬಸಿರು ಐದು ತಿಂಗಳಿದ್ದಾಗಲೇ ನಾನು ಗೊತ್ತುಮಾಡಿದ್ದೆ. ತಿಪಟೂರಿನಲ್ಲಿ ನಮಗೆ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುವ ಸಾಬರ ಮನೆಯವಳು. ಆರು ಮಕ್ಕಳ ತಾಯಿ, ಆರೂ ಗಟ್ಟಿ. ಅವಳ ಕೈಯಲ್ಲಿ ಎತ್ತಿಸಿದರೆ ಗಟ್ಟಿತನ ಅಂಟುತ್ತದೆ ಅಂತ ನನ್ನ ಆಸೆ. ಅವಳು ಒಪ್ಪುವಾಗ ಒಂದೇ ಮಾತು ಹೇಳಿದಳು, ತಿಪ್ಪೆ ಚೆನ್ನಾಗಿ ಬಳಿಸಿರಬೇಕು ಅಂತ.

ಬಳಿಸಿದ್ದೆ. ಆಸ್ಪತ್ರೆಯಿಂದ ಒಂಬತ್ತನೆಯ ದಿನ ಕರೆತರುವ ಹೊತ್ತಿಗೆ ಆ ತಿಪ್ಪೆಯ ಒಂದು ಮಗ್ಗುಲು ಎಷ್ಟೋ ಮನೆಗಳ ನಡುಮನೆಗಿಂತ ಚೊಕ್ಕಟವಾಗಿತ್ತು. ಕಾಯಿಸಿಪ್ಪೆ, ಗರಿ ಎಲ್ಲ ಪಕ್ಕಕ್ಕೆ ಎಳೆಸಿ ಹೊಸ ರಾಗಿ ಹುಲ್ಲು ಹಾಸಿದೆ. ಮೊರದಲ್ಲಿ ನನ್ನ ಮದುವೆಯ ಸೀರೆ ನಾಲ್ಕು ಮಡಿಕೆ. ಅದರ ಮೇಲೆ ಹಳೇ ಪಂಚೆಯ ತುಂಡು, ಶಾಸ್ತ್ರಕ್ಕೆ ಹರಕಲು ಬಟ್ಟೆ ಕಾಣಬೇಕಲ್ಲ. ಮೇಲೆ ಕಂಡದ್ದು ಹರಕಲು. ಫೋಟೋದಲ್ಲಿ ಬಂದದ್ದೂ ಅದೇ.

ಅವತ್ತು ಬೆಳಿಗ್ಗೆ ಒಬ್ಬ ಗಂಡಸು ಬೈಕಿನಲ್ಲಿ ಬಂದಿದ್ದ. ಕುತ್ತಿಗೆಯಲ್ಲಿ ದೊಡ್ಡ ಕ್ಯಾಮೆರಾ. ಬೋರನಕಣಿವೆಯ ನೀರಿನ ಹತ್ತಿರ ಹಕ್ಕಿ ಫೋಟೋ ತೆಗೆದುಕೊಂಡು ತಿಪಟೂರಿಗೆ ಹೊರಟಿದ್ದೇನೆ, ಬಾಯಾರಿದೆ ಅಂದ. ಬೋರ್‌ವೆಲ್ ಮನೆಯ ಹತ್ತಿರ ಕೂರಿಸಿ ಎರಡು ಎಳನೀರು ಕೆತ್ತಿಸಿ ಕೊಟ್ಟೆ. ಮೊಮ್ಮಗಳು ಬರುವ ದಿನ, ಯಾರು ಬಂದರೂ ಕೊಡುತ್ತಿದ್ದೆ. ಕುಡಿದ, ಗಂಜಿಯನ್ನೂ ಕೆರೆದು ತಿಂದ, ಬಾಯಿ ಒರೆಸಿಕೊಂಡ. ಅಷ್ಟರಲ್ಲಿ ಕಾರು ಬಂತು ಅಂತ ನಾನು ಓಡಿದೆ. ಅವನು ಹೊರಟುಹೋದ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಬೇಲಿಯ ಮೇಲಿಂದ ನಮ್ಮ ಶಾಸ್ತ್ರವನ್ನು ಹಕ್ಕಿ ನೋಡಿದ ಹಾಗೆ ನೋಡಿ, ಹಕ್ಕಿಗೆ ಹಿಡಿದ ಹಾಗೇ ಕ್ಯಾಮೆರಾ ಹಿಡಿದಿದ್ದಾನೆ. ಹಕ್ಕಿಯನ್ನು ಮಾತಾಡಿಸಲು ಬರುವುದಿಲ್ಲ, ಸರಿ. ನಾವು ಹದಿನಾಲ್ಕು ಜನ ಅಲ್ಲೇ ನಿಂತಿದ್ದೆವು. ಇದೇನು ಮಾಡ್ತಾ ಇದ್ದೀರಿ ಅಂತ ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಒಂದು ತಪ್ಪು ನನ್ನದೂ ಇದೆ. ಹತ್ತು ಹೆಜ್ಜೆ ಸರಿಯಬೇಕು ಅಂದೆನಲ್ಲ, ಎಲ್ಲರೂ ಸರಿದರು, ನಾನು ಎರಡೇ ಹೆಜ್ಜೆ ಸರಿದೆ. ಕಾಲು ಏಳಲಿಲ್ಲ. ಅಷ್ಟರಲ್ಲಿ ರವಿಕೆಯವಳು ಬಂದು ಕೂಸನ್ನು ಎತ್ತಿಕೊಂಡು, ಅಯ್ಯೋ ಯಾರೋ ಬಿಸಾಕವ್ರೆ ಅಂತ ಜೋರಾಗಿ ಹೇಳಿ, ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ತವುಡು ಕೊಟ್ಟಳು, ಕೂಸಿನ ಜೊತೆ ಮನೆಯೊಳಗೆ ಬಂದಳು. ಅವತ್ತಿನಿಂದ ದಿನ ಬಿಟ್ಟು ದಿನ ಬಸ್ಸಿನಲ್ಲಿ ಬಂದು ತನ್ನ ಕೂಸಿಗೆ ತಾನೇ ಎಣ್ಣೆ ತಿಕ್ಕಿ ನೀರು ಹಾಕಿ ಹೋಗುತ್ತಿದ್ದಳು.

ಕೂಸಿಗೆ ಇಪ್ಪತ್ತು ದಿನವಾಗಿತ್ತು. ತಿಂಗಳು ತುಂಬಲು ಇನ್ನು ಹತ್ತು. ಮಧ್ಯಾಹ್ನ ಒಂದು ಜೀಪು ಬಂದು ನಿಂತಿತು. ಮಕ್ಕಳ ಕಚೇರಿಯಿಂದ ಒಬ್ಬ ಮೇಡಂ, ಜೊತೆಗೆ ಒಬ್ಬ ಪೊಲೀಸಿನವನು. ಮೇಡಂ ಕೈಯಲ್ಲಿ ನಾಲ್ಕು ಹಾಳೆ. ಮೊದಲನೆಯ ಹಾಳೆಯಲ್ಲಿ ನಮ್ಮ ತಿಪ್ಪೆ, ನಮ್ಮ ಮೊರ, ನಮ್ಮ ಕೂಸು, ಪಕ್ಕದಲ್ಲಿ ನಮ್ಮದೇ ಕೋಳಿ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಮೇಡಂ ಕನ್ನಡದಲ್ಲಿ ಹೇಳಿದರು: ಹೊನ್ನವಳ್ಳಿ ಹತ್ತಿರ ತಿಪ್ಪೆಗೆಸೆದ ಹೆಣ್ಣು ಮಗು, ನೋಡಿ ಎದೆ ಒಡೆಯಿತು. ಎರಡು ಎಳನೀರು ಹಿಡಿಸಿದ್ದ ಎದೆ ಅದು. ಒಡೆಯಿತಂತೆ.

ಉಳಿದ ಮೂರು ಹಾಳೆ ತುಂಬ ಫೋಟೋ ನೋಡಿದವರು ಬರೆದ ಪ್ರಶ್ನೆಗಳು. ಮಗು ಬದುಕಿದೆಯೇ ಅಂತ ಒಬ್ಬರು. ಹೆತ್ತವಳಿಗೆ ಏನು ಶಿಕ್ಷೆ ಅಂತ ಒಬ್ಬರು. ನಾನು ಸಾಕಿಕೊಳ್ಳುತ್ತೇನೆ, ವಿಳಾಸ ಕೊಡಿ ಅಂತ ಸಮುದ್ರದಾಚೆಯ ಒಬ್ಬಳು. ತೆಂಗಿನ ಸೀಮೆಯವರು ಹೆಣ್ಣು ಹುಟ್ಟಿದರೆ ಹೀಗೇ ಮಾಡುವುದು ಅಂತ, ತೆಂಗಿನ ಮರವನ್ನು ಕಂಡಿದ್ದಾನೋ ಇಲ್ಲವೋ, ಒಬ್ಬ ಪಂಡಿತ. ಕೋಳಿ ಯಾವ ಜಾತಿ ಅಂತ ಇನ್ನೊಬ್ಬ. ಆ ಮೂರು ಹಾಳೆಯಲ್ಲಿ ನನಗೆ ಮನುಷ್ಯ ಅನ್ನಿಸಿದವನು ಅವನೊಬ್ಬನೇ, ತನಗೆ ಗೊತ್ತಿಲ್ಲದ್ದನ್ನು ನಿಜವಾಗಿ ಕೇಳಿದ್ದ.

ಮೇಡಂ ಜಗಲಿಯ ಮೇಲೆ ಕೂತು ಪೆನ್ನು ತೆಗೆದರು. ಕೂಸು ರವಿಕೆಯವಳ ಕಾಲ ಮೇಲಿತ್ತು, ಎಣ್ಣೆ ತಿಕ್ಕುತ್ತಿದ್ದಳು.

“ಈ ಮಗು ಯಾರದಮ್ಮ?” ಅಂದರು ನನ್ನನ್ನು.

“ನಮ್ದಲ್ಲ ಕಣವ್ವ. ತಿಪ್ಪೆ ಮ್ಯಾಲೆ ಸಿಕ್ತು,” ಅಂದೆ.

ಇದನ್ನು ಬರೆಯುವಾಗ ನನ್ನ ಬುದ್ಧಿಗೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಅವತ್ತು ಬಾಯಿಂದ ಬೇರೆ ಮಾತು ಬರಲು ಸಾಧ್ಯವೇ ಇರಲಿಲ್ಲ. ಹತ್ತು ದಿನ ಬಾಕಿ ಇತ್ತು. ನಮ್ಮದು ಅಂದು ಎರಡು ಸಲ ಮಣ್ಣು ಮಾಡಿ ಬಂದ ಬಾಯಿ ಇದು. ಶಾಸ್ತ್ರ ಕೇಳಿ ನಕ್ಕಿದ್ದ ನಮ್ಮೆಜಮಾನರನ್ನು ಮೇಡಂ ಕೇಳಿದರೆ, ಅವರು ನನಗಿಂತ ಗಟ್ಟಿಯಾಗಿ, “ನಮ್ದಲ್ಲ, ನಮ್ಗೆ ಗೊತ್ತೇ ಇಲ್ಲ,” ಅಂದುಬಿಟ್ಟರು. ನಗುವವರ ಧೈರ್ಯ ಎಷ್ಟು ಅಂತ ಅವತ್ತು ಕಂಡೆ.

ನಮ್ಮನ್ನು ಕಾಪಾಡಲು ರವಿಕೆಯವಳು ಮುಂದೆ ಬಂದಳು. “ನಂದು ಮೇಡಂ. ನಾನು ಕೊಂಡ್ಕೊಂಡಿದೀನಿ. ಒಂದು ಸೇರು ತವುಡು ಕೊಟ್ಟು.”

ಮೇಡಂ ಪೆನ್ನು ನಿಂತಿತು. ಎಸೆದ ಆರೋಪ ಒಂದು ಕಡೆ, ಈಗ ಮಾರಾಟ ಇನ್ನೊಂದು ಕಡೆ. ಪೊಲೀಸಿನವನು ಕೂತಿದ್ದವನು ಎದ್ದು ನಿಂತ. ಆಸ್ಪತ್ರೆಯ ಚೀಟಿ ತೋರಿಸಿ ಅಂದರು. ಅದನ್ನು ಅಳಿಯ ತುರುವೇಕೆರೆಗೆ ಒಯ್ದಿದ್ದ. ಹಾಗಾದರೆ ಚೀಟಿ ತಂದು ತೋರಿಸುವವರೆಗೆ ಮಗು ತುಮಕೂರಿನಲ್ಲಿ ನಮ್ಮ ಹತ್ತಿರ ಇರುತ್ತದೆ, ಬಟ್ಟೆ ಕೊಡಿ ಅಂದರು. ಗದರಲಿಲ್ಲ, ಮೆತ್ತಗೇ ಹೇಳಿದರು. ಅದೇ ಹೆಚ್ಚು ಹೆದರಿಕೆಯಾಯಿತು.

ಬಾಣಂತಿ ಮಗಳು ಬಾಗಿಲಿಗೆ ಬಂದು ನಿಂತಿದ್ದಳು. ಮೇಡಂ ಅವಳ ಕಡೆ ತಿರುಗಿ, ಈ ಮಗುವನ್ನು ನೀನು ಹೆತ್ತಿದ್ದಾ ಅಂತ ಕೇಳಿದರು. ಅವಳು ಹೌದು ಅಂದರೆ ಕೂಸು ನಿಲ್ಲುವುದಿಲ್ಲ, ಇಲ್ಲ ಅಂದರೆ ಕೂಸು ಜೀಪು ಹತ್ತುತ್ತದೆ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಕೂಸು ಅತ್ತಿತು. ಎಣ್ಣೆ ಹಚ್ಚಿದ ಮೈ, ಹಸಿದ ಹೊಟ್ಟೆ, ತೋಟದ ಆ ತುದಿಗೆ ಕೇಳುವ ಹಾಗೆ ಅತ್ತಿತು. ಮಗಳ ರವಿಕೆಯ ಮುಂಭಾಗ ನೋಡ ನೋಡುತ್ತಾ ಒದ್ದೆಯಾಯಿತು. ಅವಳು ಸೆರಗು ಎಳೆದುಕೊಂಡಳು, ಸೆರಗೂ ಒದ್ದೆಯಾಯಿತು. ಮೇಡಂ ನೋಡಿದರು. ಹಾಳೆಗಳನ್ನು ಪಕ್ಕಕ್ಕಿಟ್ಟರು.

“ಒಂದು ಮಾತು ಹೇಳಮ್ಮ, ಸಾಕು. ನಾನು ಬರ್ಕೊಂಡು ಹೋಗ್ತೀನಿ,” ಅಂದರು.

ಮಗಳು ಆಗಲೂ ನನ್ನ ಮುಖವನ್ನೇ ನೋಡಿದಳು. ಆ ಬಾಯಿಗೆ ಬೀಗ ಹಾಕಿದವಳು ನಾನು. ಇನ್ನು ಯಾರು ತೆಗೆಯಬೇಕು?

ನಾನು ಕೊಟ್ಟಿಗೆಗೆ ಹೋದೆ. ಹಸುವಿನ ತವುಡಿನ ಚೀಲದಿಂದ ಒಂದು ಸೇರು ಅಳೆದೆ. ತಂದು ರವಿಕೆಯವಳ ಮುಂದಿಟ್ಟೆ.

“ತಗೋ ಕಣೇ ನಿನ್ನ ತವುಡು. ನಮ್ ಕೂಸು ನಮ್ಗೆ ಕೊಡು.”

ಅವಳಿಗೆ ಹತ್ತು ದಿನ ಬಾಕಿ ಇರುವುದು ನೆನಪಿತ್ತು. ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಸೇರಿನೊಳಗೆ ಇಣುಕಿ, “ಅಷ್ಟೇಯಾ? ನಾನು ಕೊಂಡಾಗ ಕಡ್ಡಿ ಹಂಗಿತ್ತು. ಇಷ್ಟು ದಿನ ಎಣ್ಣೆ ತಿಕ್ಕಿ ದಪ್ಪ ಮಾಡಿದೀನಿ. ಒಂದೂಕಾಲು ಸೇರು ಆಗ್ತದೆ,” ಅಂದಳು.

ಪೊಲೀಸಿನವನು ಮೊದಲು ನಕ್ಕಿದ್ದು. ನಾನು ಇನ್ನೊಂದು ಹಿಡಿ ತಂದು ಸುರಿದೆ. ಅವಳು ಎಣ್ಣೆ ಕೈಯಲ್ಲೇ ಕೂಸನ್ನು ಎತ್ತಿ ಮಗಳ ಕೈಗಿಟ್ಟಳು.

“ನನ್ ಮಗು,” ಅಂದಳು ನನ್ನ ಮಗಳು. ಮೇಡಂಗೆ ಹೇಳಿದ್ದಲ್ಲ ಅದು, ಕೂಸಿಗೆ ಹೇಳಿದ್ದು. ಒಂದು ಸಲ ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಹಾಲು ಕುಡಿಸಲು ಒಳಗೆ ಹೋದ ಮೇಲೂ ಗೋಡೆಯಾಚೆಯಿಂದ ಕೇಳುತ್ತಿತ್ತು.

ಆಮೇಲೆ ಮೇಡಂಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಫೋಟೋ ಮತ್ತೆ ಕೈಗೆತ್ತಿಕೊಂಡು ಅಂಚಿನಲ್ಲಿ ಬೆರಳಿಟ್ಟರು. ಅಲ್ಲಿ ಒಂದು ಕಾಲು ಅರ್ಧ ಕಾಣುತ್ತಿತ್ತು, ಬೆರಳುಗಳು ಮತ್ತು ಕಾಲುಂಗುರ. ಎಸೆದು ಓಡುತ್ತಿರುವ ಪಾಪಿಯ ಕಾಲು ಅಂತ ಎಷ್ಟೋ ಜನ ಬರೆದಿದ್ದರಂತೆ. ನಾನು ಹಾಳೆಯ ಪಕ್ಕದಲ್ಲಿ ನನ್ನ ಕಾಲಿಟ್ಟೆ. ಅದೇ ಉಂಗುರ, ಅದೇ ಸೊಟ್ಟ ಬೆರಳು.

“ಬಿಸಾಕಿ ಓಡೋಳಾಗಿದ್ರೆ ಹಿಮ್ಮಡಿ ಕಾಣ್ಬೇಕಲ್ಲವ್ವ? ಬೆರಳು ಕೂಸಿನ ಕಡೀಕೆ ಅವೆ,” ಅಂದೆ.

ಮೇಡಂ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಅಷ್ಟು ದೇಶದ ಅಷ್ಟು ಜನ, ಎಲ್ಲ ಓದಿದವರು, ಒಬ್ಬರಿಗೂ ಹಿಮ್ಮಡಿ ಯಾವುದು ಬೆರಳು ಯಾವುದು ತಿಳಿಯಲಿಲ್ಲ. ಅಳುವ ಆತುರದಲ್ಲಿ ನೋಡುವುದನ್ನೇ ಮರೆತರು. ಮೇಡಂ ಮಾತ್ರ ಎಳನೀರು ಕುಡಿಯುತ್ತಾ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಯಾಕೆ ತವುಡೇ ಆಗಬೇಕು, ಯಾಕೆ ತಿಂಗಳೇ ಆಗಬೇಕು ಅಂತ. ಎರಡನ್ನೂ ಶಾಸ್ತ್ರ ಹೇಳಿಕೊಟ್ಟ ನಮ್ಮತ್ತೆಯನ್ನು ನಾನೂ ಕೇಳಿಕೊಂಡಿರಲಿಲ್ಲ. ನಾಳೆ ಚೀಟಿ ಕಚೇರಿಗೆ ಕಳಿಸಿ ಅಂತ ಹೇಳಿ, ಫೋಟೋದ ಕೆಳಗೆ ನಿಜ ಸಂಗತಿ ಬರೆಸುತ್ತೇನೆ ಅಂದು ಹೊರಟರು. ಬರೆಸಿದರು. ಅದನ್ನು ಓದಿದ ಮೇಲೆ ಆ ಎದೆ ಒಡೆದವನು ಫೋಟೋವನ್ನೇ ತೆಗೆದುಹಾಕಿದನಂತೆ. ಮಗು ಸುಖವಾಗಿದೆ ಅಂದರೆ ಅವನಿಗೆ ಅದರಲ್ಲಿ ಏನಿದೆ?

ಸಂಜೆ ಅಳಿಯ ಚೀಟಿ ಹಿಡಿದು ಬೆವರು ಸುರಿಸುತ್ತಾ ಬಂದ. ಪಕ್ಕದ ತೋಟದವರ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಬೈಯಬೇಕು ಅಂತ ಇದ್ದವಳು ಅವನ ಮುಖ ನೋಡಿ ಬಿಟ್ಟೆ. ಕಾಯಿ ತುರಿದು ಹಾಲು ಹಿಂಡಿಟ್ಟೆ, ನಾದಿನಿ ಹೋಳಿಗೆ ತಟ್ಟಿದಳು. ರವಿಕೆಯವಳು ಕೊನೆಯ ಬಸ್ಸಿಗೆ ಹೋಗುತ್ತೇನೆ ಅಂದಾಗ, ಕಾಲು ಸೇರು ಹೆಚ್ಚಿಗೆ ವಸೂಲಿ ಮಾಡಿದವಳು ಉಣ್ಣದೆ ಹೋದರೆ ಆಗುವುದಿಲ್ಲ, ಅಳಿಯ ಬೈಕಿನಲ್ಲಿ ಬಿಟ್ಟು ಬರುತ್ತಾನೆ ಅಂತ ಕೂರಿಸಿದೆ. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಎಲೆ ಹಾಕಿದೆವು. ನಮ್ಮೆಜಮಾನರು ತಲೆ ಬಗ್ಗಿಸಿಕೊಂಡು ಹೋಳಿಗೆ ಮುರಿಯುತ್ತಿದ್ದರು.

“ಯಾರ್ದೋ ಕೂಸಂತೆ, ಗೊತ್ತೇ ಇಲ್ವಂತೆ,” ಅಂದಳು ರವಿಕೆಯವಳು ಅವರ ಎಲೆಯ ಕಡೆ ನೋಡುತ್ತಾ.

“ಸುಮ್ನೆ ಉಣ್ಣಮ್ಮ ನೀನು,” ಅಂದರು ಅವರು. ಅಳಿಯ ನಗಲು ಹೋಗಿ ಕಾಯಿಹಾಲು ನೆತ್ತಿಗೇರಿಸಿಕೊಂಡ.

ಬಾಣಂತಿಗೆ ಹೋಳಿಗೆ ಇಲ್ಲ. ಬೆಳ್ಳುಳ್ಳಿ ಸಾರು, ಬಿಸಿ ಅನ್ನ, ತುಪ್ಪ. ಆದರೂ ಒಳಗೆ ಒಬ್ಬಳೇ ಉಣ್ಣಲಾರೆ ಅಂತ ಬಂದು ನಮ್ಮ ಸಾಲಿನ ತುದಿಗೆ ಕೂತಿದ್ದಳು, ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ತುತ್ತು. ನಾನು ಸಾರು ಹಿಡಿದು ಅವಳ ಮುಂದೆ ಬಗ್ಗಿದೆ.

“ತಡೀಯವ್ವ, ನನ್ ಮಗು ಕಣ್ಬುಟ್ಟದೆ, ಮ್ಯಾಲೆ ಚೆಲ್ಲೀಯ,” ಅಂದಳು.

ತಡೆದೆ. ಕೂಸು ಮತ್ತೆ ಕಣ್ಣು ಮುಚ್ಚಿದ ಮೇಲೆ ಬಡಿಸಿದೆ. ಆಮೇಲೆ ನಾನೂ ಅವಳ ಪಕ್ಕದಲ್ಲಿ ಒಂದು ಎಲೆ ಹಾಕಿಕೊಂಡು ಕೂತು, ಎಲ್ಲರ ಜೊತೆ ಹೊಟ್ಟೆ ತುಂಬ ಉಂಡೆ.