ಅಳದೆ ಕೈ ಚಾಚಿದ ಮಗಳು

ಸ್ನೇಹಿತರೇ, ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಪದ್ಮಮ್ಮನವರು ನಮ್ಮ ಮಗಳನ್ನು ನೋಡಲು ಬಂದರು. ಎರಡು ವರ್ಷದ ಅವಳು ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದು, ನಿನ್ನೆಯಷ್ಟೇ ಗವಿಪುರದ ಮನೆಗೆ ಬಂದಿದ್ದಾಳೆ.

ಪದ್ಮಮ್ಮ ಅವಳಿಗೆಂದು ಹಸಿರು ಬಳೆ ತಂದಿದ್ದರು. "ಎಲ್ಲಿ ಪುಟ್ಟಿ, ಕೈ ಕೊಡಮ್ಮ" ಎಂದರು. ಮಗಳು ಸುಮ್ಮನೆ ಎಡಗೈ ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಗಟ್ಟಿತ್ತು.

"ಎಷ್ಟು ಜಾಣೆ! ಸ್ವಲ್ಪಾನೂ ಹಠ ಇಲ್ಲ" ಎಂದರು ಪದ್ಮಮ್ಮ.

ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ಜಾಣತನ ಅಲ್ಲ ಆಂಟಿ, ಇಂಜೆಕ್ಷನ್ ಅಂದ್ಕೊಂಡಿದಾಳೆ. ಅತ್ತೂ ಅತ್ತೂ ಸಾಕಾಗಿ ಅಳೋದೇ ಬಿಟ್ಬಿಟ್ಟಿದಾಳೆ" ಎಂದು ಅಡುಗೆಮನೆಗೆ ಹೋಗಿಬಿಟ್ಟಳು.

ಪದ್ಮಮ್ಮ ಬಳೆಯನ್ನು ದಿಂಬಿನ ಪಕ್ಕ ಇಟ್ಟು, ಆ ಪುಟ್ಟ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿದರು. "ಏನೂ ಮಾಡಲ್ಲ ಕಂದ" ಎಂದು ಅವಳ ತಲೆ ಸವರಿದರು.

ಸಂಜೆ ನಾನು ಔಷಧಿ ಕುಡಿಸಲು ಹೋದರೆ ಮಗಳು "ಬೇಡಾ!" ಎಂದು ಕಿರುಚಿ ಚಮಚವನ್ನು ತಳ್ಳಿದಳು. ಗುಲಾಬಿ ಸಿರಪ್ ಪೂರ್ತಿ ನನ್ನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಹೆಂಡತಿ ಓಡಿಬಂದು ನೋಡಿದವಳು, ಎಷ್ಟೋ ದಿನದ ಮೇಲೆ ನಕ್ಕಳು.

ಎರಡನೇ ಚಮಚ ಕುಡಿಸುವಷ್ಟರಲ್ಲಿ ನನಗೆ ಬೆವರಿಳಿಯಿತು. ಅಂಗಿಯ ಕಲೆ ಹೋಗುವುದಿಲ್ಲವಂತೆ. ಇರಲಿ ಬಿಡಿ, ಚೆನ್ನಾಗೇ ಇದೆ.