ಗಡಿಯಾರದ ಭಾವ ಕಾರು ಬಿಚ್ಚಿದ್ದು

ನನ್ನ ಅಕ್ಕನ ಗಂಡನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಮನೆಯ ಸಿಟ್ಟೆಲ್ಲ ನನ್ನ ಪಾಲಿಗೇ ಬಂದಿರುವುದರಿಂದ ಅದೇನೂ ಕೊರತೆಯಾಗಲಿಲ್ಲ. ಭಾವ ಗಡಿಯಾರ ರಿಪೇರಿ ಮಾಡುವವರು. ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಗೂಡಿನಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮಾಡುತ್ತಾ ಬಂದವರು. ಯಾವ ತಿರುಪೂ ಬಲಕ್ಕೆ ಬಗ್ಗುವುದಿಲ್ಲ, ಪುಸಲಾಯಿಸಬೇಕು ಎಂಬುದು ಅವರ ಸಿದ್ಧಾಂತ. ಅದೇ ಸಿದ್ಧಾಂತ ಹಿಡಿದುಕೊಂಡು ಅವರು ಕಾರಿನ ಕೆಳಗೂ ನುಗ್ಗಿದರು.

ಅಕ್ಕನ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರಬೇಕು. ಭಾವನ ಹಳೇ ಕಾರು ರಸ್ತೆಯ ಒಂದು ಗುಂಡಿಯನ್ನೂ ಬಿಡದೆ ಅವಳ ಬೆನ್ನಿಗೆ ಮುಟ್ಟಿಸುತ್ತಿತ್ತು. ಬಾಡಿಗೆ ಕಾರು ಕರೆಸೋಣವೆಂದರೆ, "ಗುರುತಿಲ್ಲದೋರ ಮುಂದೆ ನರಳೋಕೆ ನಂಗೆ ನಾಚಿಕೆ ಕಣೇ" ಎನ್ನುತ್ತಿದ್ದಳು. ಒಂದು ದಿನ ಆಸ್ಪತ್ರೆಯಿಂದ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿಯೇಬಿಟ್ಟಳು: "ಇನ್ನು ಆ ಕಾರು ನಾನು ಹತ್ತಲ್ಲ. ಔಷಧಿ ಇಲ್ದಿದ್ರೆ ಇಲ್ಲ."

ಭಾವ ಕಾರನ್ನು ಗ್ಯಾರೇಜಿಗೆ ಒಯ್ದರು. ಗ್ಯಾರೇಜಿನವನು ಬಗ್ಗಿ ನೋಡಿ, ಗುಂಡಿಯ ಏಟು ತಡೆಯುವ ಮುಂದಿನ ಎರಡೂ ಸಸ್ಪೆನ್ಷನ್ ಎಣ್ಣೆ ಸೋರಿ ಸತ್ತಿವೆ, ನಟ್ಟುಗಳಿಗೆ ತುಕ್ಕು ಹಿಡಿದಿದೆ, ನಾನಂತೂ ಮುಟ್ಟುವುದಿಲ್ಲ, ಗುಜರಿಗೆ ಹಾಕಿ ಎಂದು ಕೈತೊಳೆದುಕೊಂಡ. ಭಾವ ಮನೆಗೆ ಬಂದು "ನಾನೇ ಬಿಚ್ತೀನಿ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. "ಅದು ಸರಿಹೋದ್ರೆ ಬರ್ತೀನಿ" ಎಂದಳು. ಅಲ್ಲಿಗೆ ಅವಳ ಚಿಕಿತ್ಸೆ ಆ ನಟ್ಟುಗಳ ಕೈಗೆ ಹೋಯಿತು.

ಸಲಕರಣೆ ಕೊಳ್ಳಲು ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ರಾಚೆಟ್‌ಗಳನ್ನು ಸಾಲಾಗಿ ಇಟ್ಟ. ನಟ್ಟು ಬಿಚ್ಚುವಾಗ ಕಟಕಟ ಎನ್ನುವ ಹಿಡಿಗಳು ಅವು. ಭಾವ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ತಿರುಗಿಸಿದರು.

"ರೇಡಿಯೋ ಅಲ್ಲ ಸಾರ್ ಅದು" ಎಂದ ಅಂಗಡಿಯವನು.

ಒಳಗಿನ ಹಲ್ಲು ಎಷ್ಟು ಸಣ್ಣವೋ ಕೆಲಸ ಅಷ್ಟು ಅಚ್ಚುಕಟ್ಟು ಎಂಬುದು ಭಾವನ ಲೆಕ್ಕ. ಎಲ್ಲಕ್ಕಿಂತ ಮೆಲ್ಲಗೆ ಸದ್ದು ಮಾಡಿದ ಗೇಣುದ್ದದ ರಾಚೆಟ್ಟನ್ನು ಆರಿಸಿದರು.

"ತೋಳುದ್ದದ್ದು ತಗೊಳ್ಳಿ ಸಾರ್. ತುಕ್ಕು ಹಿಡಿದ ನಟ್ಟು ಮಾತು ಕೇಳಲ್ಲ."

"ಅಷ್ಟು ಉದ್ದ ಇದ್ರೆ ನಟ್ಟು ಏನ್ ಹೇಳ್ತಿದೆ ಅಂತ ಕೈಗೆ ಗೊತ್ತಾಗಲ್ಲ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಮೊಳೆಗಳ ಡಬ್ಬ ನೋಡಿದೆ. ನಟ್ಟಿಗೆ ತೊಡಿಸುವ ಸಾಕೆಟ್‌ಗಳಲ್ಲೂ ಇದೇ ಪಾಡು. ಆರು ಮೂಲೆಯದನ್ನು ಬಿಟ್ಟು ಹನ್ನೆರಡು ಮೂಲೆಯದನ್ನು ತೆಗೆದುಕೊಂಡರು. ಅದು ನಯವಾಗಿ ಕೂರುತ್ತದಂತೆ. ಕಾರಿನ ದೊಡ್ಡ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕೊಕ್ಕೆಗಳನ್ನು ಮಾತ್ರ ಅಂಗಡಿಯಲ್ಲಿದ್ದ ಅತಿ ಭಾರದ್ದೇ ಆರಿಸಿದರು. ಸ್ಪ್ರಿಂಗ್ ಕೈತಪ್ಪಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಯ ಮುಂದಿನ ಸಿಮೆಂಟ್ ನೆಲದ ಮೇಲೆ ಕಾರನ್ನು ಜಾಕಿಯಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಚಕ್ರ ಕಳಚಿದರು. ಒಳಗಿನ ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬೆಳಿಗ್ಗೆ ಎದ್ದು ಅದಕ್ಕೆ ಎಣ್ಣೆ ಬಿಡುವುದು, ಸಂಜೆ ಬಂದು ಮೆಲ್ಲಗೆ ಹಿಡಿ ತಿರುಗಿಸಿ ನೋಡುವುದು, ಇದೇ ಆಯಿತು. "ತಾಳಿದವನು ಬಾಳಿಯಾನು" ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಒಳಗಿನ ಕೋಣೆಯಿಂದ ಅಕ್ಕ "ಏನಾಯ್ತು ರೀ?" ಎಂದು ಕೂಗಿದರೆ "ಸಡಿಲ ಆಗ್ತಿದೆ" ಎನ್ನುತ್ತಿದ್ದರು. ಶುದ್ಧ ಸುಳ್ಳು. ಹೀಗೆ ಒಂದು ವಾರದ ಔಷಧಿ ತಪ್ಪಿತು. ಎರಡನೆಯ ವಾರದ್ದೂ ತಪ್ಪಿತು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಲು ಶುರುಮಾಡಿದ್ದಳು.

ಕೊನೆಗೊಂದು ಸಂಜೆ ಭಾವನೂ ಸ್ವಲ್ಪ ಬಲ ಹಾಕಿದರು. ಹನ್ನೆರಡು ಮೂಲೆಯ ಸಾಕೆಟ್ ಜಾರಿ ನಟ್ಟಿನ ಮೂಲೆಗಳನ್ನೆಲ್ಲ ಸವೆಸಿಬಿಟ್ಟಿತು. ರಾಚೆಟ್ಟಿನ ಸಣ್ಣ ಹಲ್ಲುಗಳು ಪುಡಿಯಾದವು. ಭಾವ ತಲೆಯ ಮೇಲೆ ಕೈಹೊತ್ತು ಕೂತರು. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!" ಎಂದು ಕಿರುಚಿ ನಾನೇ ಅಂಗಡಿಗೆ ಓಡಿದೆ. ಅಂಗಡಿಯವನು ಏನೂ ಕೇಳದೆ ತೋಳುದ್ದದ ಹಿಡಿ ಎತ್ತಿಕೊಟ್ಟ. ಜೊತೆಗೆ ಒಂದು ಗಾತ್ರ ಚಿಕ್ಕದಾದ ಆರು ಮೂಲೆಯ ಸಾಕೆಟ್ ಕೊಟ್ಟು, "ಸುತ್ತಿಗೇಲಿ ಹೊಡೆದು ಕೂರ್ಸಿ" ಎಂದ. ಹಾಗೇ ಹೊಡೆದು ಕೂರಿಸಿ, ಇಬ್ಬರೂ ಹಿಡಿಯ ಮೇಲೆ ಮೈಭಾರ ಹಾಕಿದೆವು. ನಟ್ಟು ಚಟೀರೆಂದು ಸೋತಿತು. ನಾನು ಕುಣಿದೆ. ಭಾವ ಮಾತ್ರ ಯಾರನ್ನೋ ಹೊಡೆದುಬಿಟ್ಟವರ ಹಾಗೆ ಕೈ ಒರೆಸಿಕೊಂಡರು.

ಮುಂದಿನ ಎರಡೂ ಕಡೆ ಹೊಸ ಸಸ್ಪೆನ್ಷನ್ ಹಾಕಿದ ಮೇಲೆ ಅಕ್ಕ ಮಾತಿಗೆ ತಪ್ಪದೆ ಕಾರು ಹತ್ತಿದಳು. ಹಿಂದಿನ ಸೀಟಿನಲ್ಲಿ ನಾನು, ಅವಳು. ಕಾರು ನಿಜಕ್ಕೂ ತೊಟ್ಟಿಲ ಹಾಗೆ ಹೋಗುತ್ತಿತ್ತು. ಒಂದೊಂದು ಉಬ್ಬು ದಾಟಿದಾಗಲೂ ಭಾವ ಕನ್ನಡಿಯಲ್ಲಿ ನೋಡಿ "ನೋವಾಯ್ತಾ?" ಎಂದು ಕೇಳುವರು. "ಇಲ್ಲ ರೀ, ಗೊತ್ತೇ ಆಗ್ಲಿಲ್ಲ" ಎನ್ನುವಳು ಅಕ್ಕ. ಅವಳ ಉಗುರುಗಳು ನನ್ನ ಅಂಗೈಯೊಳಗೆ ಇಳಿದಿದ್ದವು.

ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ಗುಂಡಿಯಿಲ್ಲ, ಉಬ್ಬಿಲ್ಲ, ಕೂದಲೆಳೆಯಷ್ಟು ಅಲುಗಾಟವಿಲ್ಲ. ಆಗ ಅಕ್ಕ ನರಳಿದಳು. ಬಾಯಿಗೆ ಕೈ ಒತ್ತಿಕೊಂಡರೂ ಸದ್ದು ನಿಲ್ಲಲಿಲ್ಲ.

ಭಾವ ತಿರುಗಿ ಅವಳನ್ನು ನೋಡಿದರು. ನೋವು ಕಾರಿನದಲ್ಲ ಎಂದು ಅವರಿಗೆ ತಿಳಿಯಿತು. ಆದರೂ ಹೇಳಿದರು: "ಹಿಂದಿನದು ಹಳೇದೇ ಇದೆ. ನಾಳೆ ಅದನ್ನೂ ಬಿಚ್ಚಿಬಿಡ್ತೀನಿ."

ನನಗೆ ಕಿರುಚಬೇಕೆನ್ನಿಸಿತು. ಯಾರ ಮೇಲೆ ಎಂದು ತಿಳಿಯಲಿಲ್ಲ.

"ಬೇಡ ರೀ" ಎಂದಳು ಅಕ್ಕ. "ಇಷ್ಟು ದಿನ ಅದರ ಕೆಳಗೇ ಮಲಗಿದ್ರಿ. ನಾಳೆ ನನ್ನ ಹತ್ರ ಕೂತ್ಕೊಳ್ಳಿ."

ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಒತ್ತತೊಡಗಿದರು. ಆಸ್ಪತ್ರೆಗೆ ನೇರ ಹೋಗಬೇಕು, ಮನೆಗಾದರೆ ಎಡಕ್ಕೆ ತಿರುಗಬೇಕು. ಭಾವ ಸ್ಟೀರಿಂಗ್ ಹಿಡಿದು, ಎತ್ತ ಹೋಗಲಿ ಎಂದು ಅವಳನ್ನೇ ಕೇಳಿದರು.

"ಮನೆಗೆ" ಎಂದಳು.