ತಲೆಕೆಳಗಾಗದ ಮನುಷ್ಯ

ಇಂಥ ಕಥೆ ಹೇಳುವವರ ಎದುರು ನಾನು ಬಹಳ ಕಾಲ ನಕ್ಕಿದ್ದೇನೆ. ಅಳೆಯುವ ಕೆಲಸದವನು ನಾನು. ಕಂಡದ್ದನ್ನು ಡಿಗ್ರಿ, ಮಿನಿಟುಗಳಲ್ಲಿ ಬರೆಯಲಾಗದಿದ್ದರೆ ಕಂಡೇ ಇಲ್ಲವೆಂದು ವಾದಿಸುತ್ತಿದ್ದೆ. ಈಗ ಹೇಳಹೊರಟಿರುವುದನ್ನು ಡಿಗ್ರಿ, ಮಿನಿಟುಗಳಲ್ಲೇ ಬರೆದಿಟ್ಟಿದ್ದೇನೆ. ಆದರೂ ಅದು ಏನೆಂದು ನನಗೆ ಗೊತ್ತಿಲ್ಲ.

ಜರ್ಮನ್ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಸರ್ವೆ ಕೆಲಸದ ಮೇಲೆ ನೀಲಗಿರಿಯಲ್ಲಿದ್ದೆ. ಹುಬ್ಬತಲೈ ಕಡೆಯ ಒಂದು ಬಡಗರ ಹಟ್ಟಿಗೂ ಪಕ್ಕದ ಟೀ ಎಸ್ಟೇಟಿಗೂ ಗಡಿಯ ತಕರಾರು. ನಡುವಿನ ಇಳಿಜಾರಿನಲ್ಲಿ ಹಟ್ಟಿಯವರು ಕೊರಲಿ, ಆಲೂಗೆಡ್ಡೆ ಬೆಳೆಯುತ್ತಿದ್ದರು. ಅದರ ಮೂಲೆಯ ಎಲ್ಲೆಕಲ್ಲು ಕಾಣೆಯಾಗಿತ್ತು. ಕಲ್ಲು ಎಲ್ಲಿತ್ತೆಂದು ಗೊತ್ತಾಗದೆ ಇಳಿಜಾರು ಯಾರದೆಂದು ತೀರ್ಮಾನವಾಗುವಂತಿರಲಿಲ್ಲ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಂದು ಸಾಕ್ಷ್ಯ ಕೊಟ್ಟಿದ್ದ. ಹಟ್ಟಿಯ ಹಿರಿಯ ಹಾಲಗೌಡರ ತಂದೆ ತೀರಿಕೊಂಡಾಗ, ಈ ಸತ್ತವನು ಎಲ್ಲೆಕಲ್ಲು ಸರಿಸಿದ ಎಂದು ಊರಿನ ಮುದುಕರೇ ಹೆಣದ ಮುಂದೆ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೆ ಎಂದು. ಕೇಳಿದ್ದು ಸುಳ್ಳಲ್ಲ. ಮನುಷ್ಯನು ಮಾಡಬಹುದಾದ ಪಾಪಗಳನ್ನೆಲ್ಲ ಸತ್ತವರ ಮುಂದೆ ಒಂದೊಂದಾಗಿ ಹೇಳಿ ಬಿಡುಗಡೆ ಬೇಡುವುದು ಬಡಗರ ಪದ್ಧತಿ. ಎಲ್ಲೆಕಲ್ಲಿನ ಪಾಪವೂ ಅದರಲ್ಲೊಂದು. ಜೀವಮಾನದಲ್ಲಿ ಹಿತ್ತಿಲು ದಾಟದ ಮುದುಕಿ ಸತ್ತರೂ ಅದನ್ನು ಹೇಳುತ್ತಾರೆ. ಮೇಲಧಿಕಾರಿಗೆ ಇದನ್ನು ಎರಡು ಸಲ ವಿವರಿಸಿದೆ. ಮಾಡದ ಪಾಪವನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ ಎಂದು ಅವರು ಎರಡು ಸಲವೂ ಕೇಳಿದರು. ಕಲ್ಲಿನ ಜಾಗ ಹುಡುಕಲು ನನಗೆ ಒಂದು ದಿನ ಸಿಕ್ಕಿತು.

ಹಾಲಗೌಡರಿಗೆ ನೆಲ ಹೋಗುವುದಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತ್ತು. "ಎನ್ನ ಅಪ್ಪ ಆ ಕಲ್ಲ ಮುಟ್ಟಿಲ್ಲೆ" ಎಂದು ಬೆಳಗಿನಿಂದ ಹೇಳುತ್ತಲೇ ಇದ್ದರು. ಆದರೆ ಮಳೆಗೆ ಮಣ್ಣು ಜಾರಿ ಗುರುತುಗಳೆಲ್ಲ ಅಳಿಸಿದ್ದರಿಂದ ಜಾಗ ಇಂಥದ್ದೇ ಎಂದು ತೋರಿಸಲಾರದವರಾಗಿದ್ದರು.

ಕೋನ ಅಳೆಯುವ ನನ್ನ ಥಿಯೋಡೊಲೈಟಿನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆಗಿನ ಯಂತ್ರಗಳೇ ಹಾಗೆ, ನಮಗೆ ಅದು ಅಭ್ಯಾಸ. ಹಾಲಗೌಡರಿಗೂ ಒಮ್ಮೆ ನೋಡಲು ಬಿಟ್ಟೆ. ಅವರು ಕಣ್ಣು ತೆಗೆದು ನನ್ನನ್ನು ನೋಡಿ, "ಸರ್ಕಾರದ ಕಣ್ಣುಗ ಎಂಗ ಹಟ್ಟಿ ಹಿಂಗೆಯಾ ಕಾಣುದು? ಅದುಗೇ ನ್ಯಾಯವೂ ಹಿಂಗೆ" ಎಂದು ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಮೂರರ ಸುಮಾರು. ಬಿಸಿಲು ಚೆನ್ನಾಗಿತ್ತು, ಮಂಜಿರಲಿಲ್ಲ. ಇಳಿಜಾರಿನ ಮೇಲೆ ದುರ್ಬೀನು ತಿರುಗಿಸುತ್ತಿದ್ದಾಗ ಒಬ್ಬ ಮನುಷ್ಯ ಕಂಡ. ಬಿಳಿ ಮುಂಡಾಸು, ಮೈಮೇಲೆ ಬಿಳಿ ಹೊದಿಕೆ, ಕೈಯಲ್ಲಿ ನೆಲಕ್ಕೂರಿದ ಕೋಲು. ಸುತ್ತಲಿನ ಗಿಡ, ಬೇಲಿ ಎಲ್ಲ ಬುಡ ಮೇಲಾಗಿ ತೂಗುತ್ತಿದ್ದವು. ಅವನೊಬ್ಬ ಮಾತ್ರ ತಲೆ ಮೇಲಾಗಿ, ನೆಟ್ಟಗೆ ನಿಂತಿದ್ದ.

ದುರ್ಬೀನಿನಿಂದ ಕಣ್ಣು ತೆಗೆದು ನೋಡಿದೆ. ಇಳಿಜಾರಿನಲ್ಲಿ ಯಾರೂ ಇಲ್ಲ. ಗಾಜು ಒರೆಸಿ ಮತ್ತೆ ನೋಡಿದೆ. ಅಲ್ಲೇ ಇದ್ದ. ಕೈ ತಾನಾಗಿ ಕೆಲಸ ಮಾಡಿತು. ಗಾಜಿನೊಳಗಿನ ಕೂದಲೆಳೆಯಂಥ ಅಡ್ಡಗೆರೆಗಳ ಗುರುತನ್ನು ಅವನ ಕೋಲಿನ ತುದಿಗೆ ತಂದು ಕೋನ ಓದಿದೆ: ನೂರ ಹದಿನೇಳು ಡಿಗ್ರಿ, ನಲವತ್ತು ಮಿನಿಟು. ಅಳತೆಯ ಸರಪಳಿ ಹಿಡಿಯುವ ಆಳು ರಂಗನಿಗೆ ಕೈಸನ್ನೆ ಮಾಡಿ ಆ ನೇರಕ್ಕೆ ನಡೆಸಿದೆ. ರಂಗ ದುರ್ಬೀನಿನೊಳಗೆ ಎಲ್ಲರಂತೆ ತಲೆಕೆಳಗಾಗಿ ಬಂದ. ಒಂದು ಕ್ಷಣ ಇಬ್ಬರೂ ಪಕ್ಕಪಕ್ಕದಲ್ಲಿದ್ದರು. ಆಮೇಲೆ ರಂಗನೊಬ್ಬನೇ. ಅಲ್ಲೇ ಗೂಟ ಹೊಡೆ ಎಂದು ಸನ್ನೆ ಮಾಡಿದೆ, ಹೊಡೆದ.

ಹಾಲಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. "ದಾರ ಕಂಡೆ?" ಎಂದರು.

ಏನನ್ನು ಎಂದಲ್ಲ, ಯಾರನ್ನು ಎಂದು ಕೇಳಿದರು. ಯಾರನ್ನೂ ಇಲ್ಲ ಎಂದೆ.

ಗೂಟದ ಬುಡದಲ್ಲಿ ಕಲ್ಲಿದೆಯೇ ಎಂದು ಅಗೆಸಬೇಕು ಎನ್ನುವಷ್ಟರಲ್ಲಿ ಮೇಲಧಿಕಾರಿಯ ಕುದುರೆ ಬಂತು. ಈ ಗೂಟ ಯಾವ ಆಧಾರದ ಮೇಲೆ ಎಂದು ಕೇಳಿದರು. ಬಾಯಿಯವರೆಗೆ ಬಂದದ್ದನ್ನು ನುಂಗಿ, ತಪ್ಪಿ ಹೊಡೆದದ್ದು ಎಂದೆ. ರಂಗನೇ ಹೋಗಿ ಕಿತ್ತು ತಂದ. ಇಳಿಜಾರು ಎಸ್ಟೇಟಿಗೆ ಹೋಯಿತು.

ಯಂತ್ರವನ್ನು ಉದಕಮಂಡಲಕ್ಕೆ ಒಯ್ದು ಬಿಚ್ಚಿಸಿ ನೋಡಿದೆ. ಯಾವ ದೋಷವೂ ಇರಲಿಲ್ಲ. ಗಾಜು ಸರಿಯಾಗಿದ್ದರೆ, ನೆಟ್ಟಗೆ ಕಂಡವನು ನಿಜದಲ್ಲಿ ತಲೆಕೆಳಗಾಗಿ ನಿಂತಿರಬೇಕು. ಈ ಲೆಕ್ಕ ನನ್ನನ್ನು ಎಷ್ಟೋ ಸಲ ಎಬ್ಬಿಸಿ ಕೂರಿಸಿದೆ. ಮರುವರ್ಷ ಆ ಇಳಿಜಾರಿನಲ್ಲಿ ಟೀ ಗಿಡಕ್ಕೆ ಗುಂಡಿ ತೋಡುವಾಗ ಎಲ್ಲೆಕಲ್ಲು ಸಿಕ್ಕಿತೆಂದು ಕೇಳಿ ಓಡಿದೆ. ಅಷ್ಟರಲ್ಲಿ ಅದನ್ನು ಒಡೆದು ಚರಂಡಿಗೆ ಕಟ್ಟಿದ್ದರು. ಯಾವ ಗುಂಡಿಯಲ್ಲಿ ಸಿಕ್ಕಿತೆಂದು ಹತ್ತು ಜನರನ್ನು ಕೇಳಿದೆ. ಹತ್ತು ಕಡೆ ಬೆರಳು ತೋರಿಸಿದರು.

ಮುಂದೆ ಹಾಲಗೌಡರೂ ತೀರಿಕೊಂಡರು. ನಾನು ಹೋಗಿದ್ದೆ. ಮುದುಕರೊಬ್ಬರು ಪಾಪಗಳನ್ನು ಹೇಳತೊಡಗಿದರು, ಒಂದೊಂದಕ್ಕೂ ಜನ ಬಿಡುಗಡೆ ಬೇಡುತ್ತ ಬಂದರು. ಎಲ್ಲೆಕಲ್ಲಿನ ಮಾತು ಬಂದಾಗ ನನ್ನ ದನಿಯೂ ಸೇರಿತು, ಉಳಿದವರಿಗಿಂತ ಸ್ವಲ್ಪ ಗಟ್ಟಿಯಾಗಿಯೇ. ಪಕ್ಕದವರು ತಿರುಗಿ ನೋಡಿದರು.

ಆ ಕೋನ ಫೀಲ್ಡ್ ಬುಕ್ಕಿನಲ್ಲಿ ಇನ್ನೂ ಇದೆ. ಮೇಲೆ ನಾನೇ ಎಳೆದ ಅಡ್ಡಗೆರೆ. ಅಂಕಿ ಮಾತ್ರ ಈಗಲೂ ಸ್ಪಷ್ಟವಾಗಿ ಓದಬರುತ್ತದೆ.